ಬಗ್ಗಿಸಿದರೂ ಬೀಳದ ನೀರು

ನಮ್ಮ ಕಟ್ಟಡದ ನೀರಿನ ತೊಟ್ಟಿಯಲ್ಲಿ ಯಾವ ಪ್ರಾಣಿಯೂ ಬಿದ್ದು ಸತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕತ್ತೆ ಬಿದ್ದಿತ್ತು ಎಂದು ಈಗಲೂ ಆಣೆ ಮಾಡಿ ಹೇಳುವವರು ಪಕ್ಕದ ಬೀದಿಯಲ್ಲಿದ್ದಾರೆ. ನಾಲ್ಕು ಮಹಡಿ ಮೇಲಿರುವ ತೊಟ್ಟಿಗೆ ಕತ್ತೆ ಹೇಗೆ ಹತ್ತಿತು ಎಂದು ಕೇಳಿದರೆ ಅವರು ಕತ್ತೆಯನ್ನು ನೋಡುವಂತೆ ನನ್ನನ್ನೇ ನೋಡುತ್ತಾರೆ. ನಾನು ಆ ಕಟ್ಟಡದ ನೆಲಮಹಡಿಯಲ್ಲಿ ಹದಿನೆಂಟು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟಿರುವ ದರ್ಜಿ. ಮೆಟ್ಟಿಲು ಇರುವುದು ನನ್ನ ಬಾಗಿಲ ಎದುರಿಗೇ. ಹತ್ತುವವರಾಗಲಿ ಇಳಿಯುವವರಾಗಲಿ ನನ್ನ ಕಣ್ಣು ತಪ್ಪಿಸಿ ಹೋಗಲಾರರು. ಹಾಗಾಗಿ ನಡೆದದ್ದನ್ನು ನನ್ನಷ್ಟು ಸರಿಯಾಗಿ ಹೇಳಬಲ್ಲವರು ಬೇರೆ ಇಲ್ಲ. ಹೇಳು ಎಂದು ಯಾರೂ ಕೇಳಿಲ್ಲ, ಅದು ಬೇರೆ ಮಾತು.

ಎರಡನೇ ಮಹಡಿಯಲ್ಲಿರುವವರು ಚೀಟಿ ಸಾಹೇಬರು. ನೀರು ಸರಬರಾಜು ಇಲಾಖೆಯಲ್ಲಿ ಅವರಿಗೆ ಕೆಲಸ. ಬೀದಿ ಬೀದಿಯ ನಲ್ಲಿಯಿಂದ ಕಂದು ಬಣ್ಣದ ಗಾಜಿನ ಶೀಷೆಯಲ್ಲಿ ನೀರು ಹಿಡಿದು, ಅದರ ಮೇಲೆ ಸ್ಥಳ, ಮೂಲ, ಸಮಯ, ತೆಗೆದವರ ಸಹಿ ಎಂದು ಚೀಟಿ ಅಂಟಿಸಿ, ಪ್ರಯೋಗಾಲಯಕ್ಕೆ ಮುಟ್ಟಿಸುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿ ಮಾಡಿ ಅವರಿಗೆ ಚೀಟಿಯಿಲ್ಲದ ವಸ್ತು ಬೆತ್ತಲೆ ಇದ್ದಂತೆ ಕಾಣುತ್ತದೆ. ಅವರ ಮನೆಯ ಸಕ್ಕರೆ ಡಬ್ಬಿ, ತಲೆಗೆ ಹಚ್ಚುವ ಎಣ್ಣೆ, ಹಲ್ಲುಜ್ಜುವ ಬ್ರಷ್ಷು, ಎಲ್ಲದರ ಮೇಲೂ ಸ್ಥಳ, ಮೂಲ, ಸಮಯ, ಸಹಿ. ಒಮ್ಮೆ ನನಗೆ ಹೊಲಿಯಲು ಕೊಟ್ಟ ಪ್ಯಾಂಟಿನ ಮೇಲೂ ‘ಮೂಲ: ಸೊಂಟ’ ಎಂದು ಬರೆದಿತ್ತು. ಇಷ್ಟೆಲ್ಲ ಚೀಟಿ ಅಂಟಿಸುವ ಮನುಷ್ಯ ಒಂದನ್ನೂ ಓದುವುದಿಲ್ಲ. ಬರೆದದ್ದು ನಾನೇ ಅಲ್ಲವೇ ಎಂಬ ಧೈರ್ಯ ಅವರಿಗೆ.

ಈ ಧೈರ್ಯಸ್ಥರು ಇಡೀ ಲೋಕದಲ್ಲಿ ಹೆದರುವುದು ಒಬ್ಬರಿಗೇ, ಹೆಂಡತಿಯ ತಾಯಿಗೆ. ಆ ಅತ್ತೆ ಮೂವತ್ತೊಂದು ವರ್ಷ ಹಾಸ್ಟೆಲೊಂದರಲ್ಲಿ ದಿನಾ ನಾನೂರು ಜನಕ್ಕೆ ಬೇಯಿಸಿ ಹಾಕಿದವರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅಳಿಯ ಮಾಡಿದ ಯಾವ ಕೆಲಸಕ್ಕೂ ‘ಪರವಾಗಿಲ್ಲ’ ಎಂಬ ಮಾತನ್ನೂ ಆಡಿದವರಲ್ಲ. ಅಳಿಯ ಗೋಡೆಗೆ ಮೊಳೆ ಹೊಡೆದರೆ ಗೋಡೆಯ ಬಗ್ಗೆ ಕನಿಕರ ತೋರಿಸುತ್ತಿದ್ದರು. ಆಕೆಗೆ ಹೊಟ್ಟೆಯ ಆಪರೇಷನ್ ಆಯಿತು. ಡಾಕ್ಟರು ಮೂರು ವಾರ ಮಗಳ ಮನೆಯಲ್ಲಿರಿ, ಗಟ್ಟಿ ಊಟ ಬೇಡ, ಚಿಕನ್ ಸ್ಟಾಕು, ಅಂದರೆ ಕೋಳಿ ಎಲುಬು ಬೇಯಿಸಿ ಸೋಸಿದ ತಿಳಿ, ಕುಡಿಯಿರಿ ಎಂದರು.

ಸಾಹೇಬರ ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡುವಾಕೆ, ಕಡಿಮೆ ಮಾತಿನವಳು. ಅಂಗಡಿಯಲ್ಲಿ ಸಿಗುವ ಸ್ಟಾಕಿನ ಪುಡಿ ತಂದು ಬಿಸಿನೀರಿಗೆ ಕಲಸಿದರಾಯಿತು ಎಂದು ಆಕೆ ನನ್ನ ಅಂಗಡಿಯ ಮುಂದೆ ಹೇಳುತ್ತಿದ್ದಳು. ಸಾಹೇಬರು ಮೂರು ಮೆಟ್ಟಿಲು ಹತ್ತಿದವರು ಗಕ್ಕನೆ ನಿಂತರು.

“ಪುಡೀನಾ? ನಮ್ಮತ್ತೆಗೆ ಪುಡೀನಾ? ನಾನೇ ಮಾಡ್ತೀನಿ, ಎಲುಬಿನಿಂದ!”

“ನಿಮಗೆ ಒಲೆ ಹಚ್ಚೋಕೆ ಬರುತ್ತೇನ್ರೀ?”

“ಒಲೆ ವಿಷಯ ಬಿಡು. ಸ್ಟಾಕು ಅಂದ್ರೇನು? ದ್ರವ. ನಾನು ಇಪ್ಪತ್ತು ವರ್ಷದಿಂದ ದ್ರವಗಳ ಮನುಷ್ಯ.”

ಆಕೆ ನನ್ನ ಮುಖ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದೆ.

ಅಂದೇ ಅತ್ತೆಗೆ ಫೋನು ಹೋಯಿತು. ಆಕೆ ಆಸ್ಪತ್ರೆಯ ಮಂಚದಿಂದಲೇ ಆಜ್ಞೆ ಹೊರಡಿಸಿದರು. “ತಣ್ಣೀರಲ್ಲಿ ಎಲುಬು ಹಾಕಿ. ಕೋಳಿ ಕಾಲು ಮರೀಬೇಡಿ, ಅಂಟು ಬರೋದು ಅದ್ರಿಂದ್ಲೇ. ಕುದಿಸ್ಬೇಡಿ, ಕುದಿಸಿದ್ರೆ ಕದಡುತ್ತೆ. ಒಂದೊಂದೇ ಗುಳ್ಳೆ ಏಳ್ಬೇಕು. ನೊರೆ ತೆಗೀತಾ ಇರಿ. ನನ್ನ ಬಟ್ಟಲ ತಳದಲ್ಲಿ ಒಂದು ನೀಲಿ ಹೂವಿದೆ. ಸ್ಟಾಕು ತುಂಬಿದ ಮೇಲೂ ಆ ಹೂವು ಕಾಣ್ಬೇಕು. ಕಾಣದಿದ್ರೆ ಅದು ಸ್ಟಾಕಲ್ಲ, ಪಾತ್ರೆ ತೊಳೆದ ನೀರು.”

ಸಾಹೇಬರು ಇದನ್ನೆಲ್ಲ ಬರೆದುಕೊಂಡು, ಬರೆದುಕೊಂಡ ಹಾಳೆಗೂ ಚೀಟಿ ಅಂಟಿಸಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೆಲಸ ಶುರುವಾಯಿತು. ಅವರು ಕಚೇರಿಯ ಥರ್ಮಾಮೀಟರನ್ನು ಪಾತ್ರೆಯಲ್ಲಿ ಇಳಿಬಿಟ್ಟು, ಅರ್ಧ ಗಂಟೆಗೊಮ್ಮೆ ಉಷ್ಣತೆಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದರಂತೆ. ಎರಡು ಗುಳ್ಳೆ ಒಟ್ಟಿಗೆ ಎದ್ದರೆ ಒಲೆಯನ್ನು ಗದರುತ್ತಿದ್ದರಂತೆ. ಈರುಳ್ಳಿ, ಕ್ಯಾರೆಟ್ಟು, ಇಪ್ಪತ್ತು ಕಾಳುಮೆಣಸು, ಎಣಿಸಿ ಹಾಕಿದ್ದು. ಹನ್ನೊಂದು ಗಂಟೆಗೆ ಕೆಳಗೆ ಓಡಿ ಬಂದು ಸೋಸಲು ಬಟ್ಟೆ ಕೇಳಿದರು. ನಾನು ಒಂದು ಗಜ ಒಳ್ಳೆಯ ಮಲ್‌ಮಲ್ ಕೊಟ್ಟೆ. ಒಮ್ಮೆ ಸೋಸಿದರೆ ಸಾಕಿತ್ತು, ಅವರು ಮೂರು ಸಲ ಸೋಸಿದರು. ಅಷ್ಟು ಹೊತ್ತಿಗೆ ನಾಲ್ಕು ಗಂಟೆ ಹಬೆಯ ಮೇಲೆ ಬಾಗಿ ನಿಂತು ಅವರ ಮೂಗು ಕೆಟ್ಟು ಕೂತಿತ್ತು. ಬಟ್ಟೆ, ಛತ್ರಿ, ದಿನಪತ್ರಿಕೆ, ನಾನು, ಎಲ್ಲದರಿಂದಲೂ ಅವರಿಗೆ ಕೋಳಿಯ ವಾಸನೆಯೇ ಬರುತ್ತಿತ್ತು.

ಕೊನೆಗೆ ಉಳಿದದ್ದು ಒಂದು ಶೀಷೆಯಷ್ಟು, ಹೊಂಬಣ್ಣದ ತಿಳಿ. ಮನೆಯಲ್ಲಿ ಮುಚ್ಚಳ ಸರಿಯಿರುವ ಶೀಷೆ ಎಂದರೆ ಕಚೇರಿಯ ಕಂದು ಶೀಷೆಯೇ. ಅದಕ್ಕೆ ತುಂಬಿ ಚೀಟಿ ಅಂಟಿಸಿದರು. ಸ್ಥಳ: ನಮ್ಮ ಕಟ್ಟಡ. ಮೂಲ: ಎರಡನೇ ಮಹಡಿ, ಅಡುಗೆಮನೆ. ಸಮಯ: ಹನ್ನೊಂದು ಮುಕ್ಕಾಲು. ಸಹಿ. ಆಮೇಲೆ ಅದನ್ನು ಫ್ರಿಜ್ಜಿನಲ್ಲಿಟ್ಟರು. ಫ್ರಿಜ್ಜಿನಲ್ಲಿ ಆಗಲೇ ಅಂಥದೇ ಇನ್ನೊಂದು ಕಂದು ಶೀಷೆ ಇತ್ತು. ಶನಿವಾರ ಸಂಜೆ ಪ್ರಯೋಗಾಲಯದ ಬಾಗಿಲು ಹಾಕಿದ ಮೇಲೆ ಮಾರುಕಟ್ಟೆಯ ನಲ್ಲಿಯಿಂದ ಹಿಡಿದ ನೀರು ಅದು. ಇಲಾಖೆಯ ನೀರನ್ನು ಮನೆಯಲ್ಲಿಡುವುದು ನಿಯಮಕ್ಕೆ ವಿರುದ್ಧ, ಆದರೆ ಸಾಹೇಬರಿಗೆ ಅನುಕೂಲ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಸೋಮವಾರ ಬೆಳಿಗ್ಗೆ ಅವಸರದಲ್ಲಿ ಫ್ರಿಜ್ಜಿಗೆ ಕೈಹಾಕಿ, ಚೀಟಿ ಓದದೆ, ಒಂದು ಶೀಷೆಯನ್ನು ಚೀಲಕ್ಕೆ ಸೇರಿಸಿ, ಎಂಟು ಗಂಟೆಗೆ ಪ್ರಯೋಗಾಲಯದ ಕಿಟಕಿಯಲ್ಲಿ ಕೊಟ್ಟು, ಅರ್ಧ ದಿನ ರಜೆ ಬರೆದು, ಶಿಳ್ಳೆ ಹಾಕಿಕೊಂಡು ವಾಪಸು ಬಂದರು. ಕೊಟ್ಟದ್ದು ಸ್ಟಾಕು. ಮನೆಯಲ್ಲಿ ಉಳಿದದ್ದು ಮಾರುಕಟ್ಟೆ.

ಹನ್ನೊಂದಕ್ಕೆ ಅತ್ತೆಯ ಸವಾರಿ ಬಂತು. ತೆಳ್ಳಗಾಗಿದ್ದರು, ಕೈಯಲ್ಲಿ ಊರುಗೋಲು. ಕಣ್ಣು ಮಾತ್ರ ನಾನೂರು ತಟ್ಟೆ ಮೇಲೆ ನಿಗಾ ಇಟ್ಟ ಕಣ್ಣೇ. ಅವರ ಚೀಲ ಹೊತ್ತು ಮೇಲೆ ಬಿಟ್ಟ ನನ್ನನ್ನು ಸಾಹೇಬರು ಹೋಗಗೊಡಲಿಲ್ಲ. “ಇರಿ, ನೋಡಿ ಹೋಗಿ,” ಎಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅತ್ತೆಯ ಬಾಯಿಂದ ಮೆಚ್ಚುಗೆ ಬೀಳುವಾಗ ಸಾಕ್ಷಿ ಬೇಕಿತ್ತು ಪಾಪ.

ಅತ್ತೆ ಚೀಲದಿಂದ ಬಟ್ಟಲು ತೆಗೆದರು. ಬಿಳಿ ಪಿಂಗಾಣಿ, ತಳದಲ್ಲಿ ನೀಲಿ ಹೂವು. ಸಾಹೇಬರು ಅಡುಗೆಮನೆಯಲ್ಲಿ ಶೀಷೆಯಿಂದ ಪಾತ್ರೆಗೆ ಸುರಿದವರೇ ಕಿರುಚಿದರು. “ಬನ್ನಿ ಬನ್ನಿ, ಎಷ್ಟು ತಿಳಿ ನೋಡಿ! ಫ್ರಿಜ್ಜಲ್ಲಿ ಇನ್ನೂ ತಿಳಿಯಾಗಿದೆ!” ಬಿಸಿ ಮಾಡಿ, ಬಟ್ಟಲಿಗೆ ತುಂಬಿ, ಎರಡೂ ಕೈಯಲ್ಲಿ ತಂದು ಇಟ್ಟರು. ಹೂವು ಕಂಡಿತು. ಹೂವಿನ ಎಸಳು ಕಂಡಿತು. ಎಸಳಿನ ಮೇಲೆ ಚಿತ್ರಗಾರನ ಕುಂಚದ ಒಂದು ಕೂದಲು ಅಂಟಿದ್ದದ್ದೂ ಕಂಡಿತು.

ಅತ್ತೆ ಒಂದು ಚಮಚ ಕುಡಿದರು. ಇನ್ನೊಂದು ಕುಡಿದರು. ಚಮಚ ಕೆಳಗಿಟ್ಟರು.

“ಇದೇನು?”

“ಸ್ಟಾಕು, ಅತ್ತೆ.”

“ಕೋಳಿ ಎಲ್ಲಿ?”

“ಸೋಸಿದೀನಿ.”

“ಎಷ್ಟು ಸಲ?”

“ಮೂರು.”

“ಎರಡನೇ ಸಲಕ್ಕೇ ಕೋಳಿ ಪೂರ್ತಿ ಹೋಗಿರ್ಬೇಕು.”

ಮಗಳು ಒಂದು ಚಮಚ ಬಾಯಿಗಿಟ್ಟಳು. “ರೀ, ಇದು ನೀರು.”

“ನೀರಾ? ವಾಸನೆ ನೋಡು, ಘಮ್ ಅಂತಿದೆ!” ಎಂದು ಸಾಹೇಬರು ಬಟ್ಟಲಿಗೆ ಮೂಗು ಹಾಕಿ ಕಣ್ಣು ಮುಚ್ಚಿದರು. ಆಮೇಲೆ ನನ್ನತ್ತ ತಿರುಗಿದರು. “ನೀವು ಹೇಳಿ!”

ನಾನು ಕುಡಿದೆ. ಹದಿನೆಂಟು ವರ್ಷದ ನೆರೆಹೊರೆ. “ಬಿಸಿ ಚೆನ್ನಾಗಿದೆ,” ಎಂದೆ.

ಅತ್ತೆ ಬಟ್ಟಲನ್ನು ಒರೆಸಿ ಚೀಲಕ್ಕೆ ಹಾಕಿದರು. ಅವರಿಗೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಬಂದದ್ದು ನಿರಾಸೆ. “ಆಪರೇಷನ್ ಆದವಳಿಗೆ ಬಿಸಿನೀರು ಕೊಟ್ಟು ತಮಾಷೆ ಮಾಡೋ ಮನೇಲಿ ನಾನಿರಲ್ಲ. ನಾಲ್ಕು ಗಂಟೆ ಬಸ್ಸಿಗೆ ನನ್ನ ಮನೆಗೆ ಹೋಗ್ತೀನಿ.” ಒಂಟಿ ಮನೆ, ನೋಡಿಕೊಳ್ಳುವವರಿಲ್ಲ. ಮಗಳು ಏನು ಹೇಳಿದರೂ ಕೇಳಲಿಲ್ಲ. ಮಗಳು ಗಂಡನನ್ನು ನೋಡಿದ ನೋಟಕ್ಕೆ ನಾನೇ ಮೆಟ್ಟಿಲು ಇಳಿದುಬಿಟ್ಟೆ.

ಎರಡು ಗಂಟೆಗೆ ಇಲಾಖೆಯ ವ್ಯಾನು ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ರಬ್ಬರ್ ಬೂಟಿನ ಇಬ್ಬರು ಇಳಿದವರೇ ಕಟ್ಟಡದ ನೀರಿನ ತಿರುಪು ಮುಚ್ಚಿದರು. ಅವರ ಹಿಂದೆ ಬಿಳಿ ಕೋಟಿನ ಪ್ರಯೋಗಾಲಯದ ಮೇಡಂ, ಒಂದು ಕೈಯಲ್ಲಿ ಐಸ್ ಪೆಟ್ಟಿಗೆ, ಇನ್ನೊಂದರಲ್ಲಿ ಕಾಗದ.

“ಯಾರೂ ನೀರು ಮುಟ್ಟಬೇಡಿ! ಈ ಕಟ್ಟಡದ ಜವಾಬ್ದಾರಿ ಯಾರದು?”

ಜವಾಬ್ದಾರಿ ಎಂಬ ಪದ ಕೇಳಿದರೆ ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು ಸಾಮಾನ್ಯವಾಗಿ ಮನೆಯಲ್ಲಿರುವುದಿಲ್ಲ. ಅಂದು ಪಾಪ, ಮೆಟ್ಟಿಲಲ್ಲೇ ಸಿಕ್ಕಿಬಿದ್ದರು. “ನಮ್ಮ ನೀರು ಅಮೃತ,” ಎಂದರು.

“ನಿಮ್ಮ ಅಮೃತ ಬೆಳಿಗ್ಗೆ ಶೀಷೆ ಬಗ್ಗಿಸಿದ್ರೂ ಬೀಳ್ಲಿಲ್ಲ ಸ್ವಾಮಿ! ತಲೆಕೆಳಗೆ ಮಾಡಿ ತಳ ತಟ್ಟಿದೆವು, ಆಗ್ಲೂ ಬೀಳ್ಲಿಲ್ಲ. ಚಮಚದಲ್ಲಿ ತೆಗೆದ್ರೆ ಅಲುಗಾಡ್ತಿತ್ತು. ಇಪ್ಪತ್ತೆರಡು ವರ್ಷದ ಸರ್ವಿಸಲ್ಲಿ ಅಲುಗಾಡೋ ನೀರು ನೋಡಿಲ್ಲ ನಾನು. ಬಿಸಿ ಮಾಡಿದ ಮೇಲೆ ಕರಗ್ತು. ಪ್ರಾಣಿಯ ಅಂಶ, ಕೊಬ್ಬು, ಎಲುಬಿನ ಅಂಟು, ಎಲ್ಲಾ ಇದೆ. ತೊಟ್ಟಿಗೆ ಏನೋ ಬಿದ್ದು ಸತ್ತಿದೆ.” ಅವರು ದನಿ ತಗ್ಗಿಸಿದರು. “ಆದ್ರೆ ಕಾಳುಮೆಣಸಿನ ವಾಸನೇನೂ ಬರ್ತಿದೆ. ಸಾಯೋಕೆ ಹೋಗೋ ಪ್ರಾಣಿ ಕಾಳುಮೆಣಸು ಯಾಕೆ ತಗೊಂಡು ಹೋಯ್ತು ಅಂತ ಇಲಾಖೆಗೆ ಗೊತ್ತಾಗ್ತಿಲ್ಲ.”

ಐದು ನಿಮಿಷದಲ್ಲಿ ಇಡೀ ಕಟ್ಟಡ ಮೆಟ್ಟಿಲ ಮೇಲಿತ್ತು. ಮೂರನೇ ಮಹಡಿಯ ಸಂಗೀತದ ಮೇಷ್ಟ್ರು ಮೊಟ್ಟೆಯನ್ನೂ ಮುಟ್ಟದವರು. ಗಂಟಲು ಚೆನ್ನಾಗಿರಲಿ ಎಂದು ದಿನಾ ಬೆಳಿಗ್ಗೆ ಆ ನೀರನ್ನೇ ನಾಲ್ಕು ಲೋಟ ಕುಡಿಯುತ್ತಿದ್ದರು. “ಅಯ್ಯೋ, ಅದಕ್ಕೇ ನನ್ನ ಕಂಠ ಈಚೆಗೆ ಜಾರ್ತಿತ್ತು!” ಎಂದು ಕುತ್ತಿಗೆ ಹಿಡಿದುಕೊಂಡು ಕುಸಿದು ಕೂತರು. ನೀರು ಕೊಡಿ ನೀರು ಕೊಡಿ ಎಂದು ಯಾರೋ ಕೂಗಿದರು. ನೀರು ಬೇಡ ನೀರು ಬೇಡ ಎಂದು ಮೇಷ್ಟ್ರು ಕೂಗಿದರು. ನಾಲ್ಕನೇ ಮಹಡಿಯ ವ್ಯಾಯಾಮದ ಹುರಿಯಾಳು ಮಾತ್ರ ಕಾಗದವನ್ನು ಇಣುಕಿ ನೋಡಿ, ಇಷ್ಟು ಪ್ರೋಟೀನು ಇರೋ ನೀರಿನ ತಿರುಪು ಮುಚ್ಚಿದ್ದು ಅನ್ಯಾಯ ಎಂದು ವಾದಕ್ಕಿಳಿದ.

ಬೂಟಿನವರು ಮೇಲೆ ಹತ್ತಿ ತೊಟ್ಟಿ ಬರಿದು ಮಾಡಿದರು. ಪ್ರಾಣಿ ಸಿಗಲಿಲ್ಲ. ಒಂದು ಚೆಂಡು, ಒಂದು ಎಡಗಾಲಿನ ಚಪ್ಪಲಿ ಸಿಕ್ಕಿತು. ಹೋದ ತಿಂಗಳು ತಾನೇ ನಿಂತು ತೊಟ್ಟಿ ತೊಳೆಸಿದೆ ಎಂದು ಅಧ್ಯಕ್ಷರು ಸಭೆಯಲ್ಲಿ ಹೇಳಿದ್ದರಲ್ಲ, ಅದೇ ತೊಟ್ಟಿಯ ತಳದಲ್ಲಿ ಒಂದು ಗೇಣು ಕೆಸರೂ ಸಿಕ್ಕಿತು. ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಮೂರೂವರೆಯ ಹೊತ್ತಿಗೆ ಮೇಲಿಂದ ಊರುಗೋಲಿನ ಸದ್ದು ಕೇಳಿಸಿತು. ಅತ್ತೆ ಇಳಿಯುತ್ತಿದ್ದರು, ಬಸ್ಸಿಗೆ. ಮಗಳು ಕಣ್ಣೊರೆಸಿಕೊಂಡು ತಾಯಿಯ ತೋಳು ಹಿಡಿದಿದ್ದಳು. ಹಿಂದೆ ಚೀಲ ಹೊತ್ತ ಸಾಹೇಬರು, ಮಳೆಯಲ್ಲಿ ನೆಂದ ಕಾಗದದಂತೆ ಜೋಲುಮುಖ. ಅವರನ್ನು ಕಂಡದ್ದೇ ಮೇಡಂಗೆ ಸಮಾಧಾನವಾಯಿತು.

“ಸರಿಯಾಗಿ ಬಂದ್ರಿ. ಸ್ಯಾಂಪಲ್ ತೆಗೆದವರು ನೀವೇ ಅಲ್ವಾ? ಕೇಳಿ, ವರದಿ ಓದ್ತೀನಿ. ಸ್ಥಳ, ಇದೇ ಕಟ್ಟಡ. ಮೂಲ, ಎರಡನೇ ಮಹಡಿ, ಅಡುಗೆಮನೆ. ಬಣ್ಣ, ತಿಳಿ ಹೊನ್ನು. ಕದಡು, ಇಲ್ಲವೇ ಇಲ್ಲ. ತಣ್ಣಗಿದ್ದಾಗ ಗಟ್ಟಿ, ಬಿಸಿಗೆ ಕರಗುತ್ತೆ. ಮೇಲೆ ಕೊಬ್ಬಿನ ತೆಳು ಪದರ. ಉಪ್ಪು, ಇರಬೇಕಾದ್ದಕ್ಕಿಂತ ಹನ್ನೆರಡು ಪಟ್ಟು. ಷರಾ: ಕುಡಿಯಲು ಯೋಗ್ಯವಲ್ಲ.”

ಊರುಗೋಲಿನ ಸದ್ದು ನಿಂತಿತು. ಅತ್ತೆ ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದರು. “ಅಮ್ಮಾ, ಬಣ್ಣದಿಂದ ಇನ್ನೊಂದ್ಸಲ ಓದು,” ಎಂದರು.

ಮೇಡಂ ಓದಿದರು. ಅಷ್ಟರಲ್ಲಿ ಸಾಹೇಬರು ಜೀವಮಾನದಲ್ಲಿ ಮೊದಲ ಸಲ ತಮ್ಮದೇ ಚೀಟಿಯನ್ನು ನೆನಪು ಮಾಡಿಕೊಳ್ಳುತ್ತಿದ್ದರು. ಅವರ ಮುಖ ಬಿಳಿಚಿತು, ಆಮೇಲೆ ಕೆಂಪೇರಿತು. ಎದುರಿಗೆ ಅಧಿಕಾರಿ, ಬಾಯಿಬಿಟ್ಟರೆ ಕೆಲಸಕ್ಕೆ ಸಂಚಕಾರ. ಪಕ್ಕದಲ್ಲಿ ಅತ್ತೆ, ಬಾಯಿಬಿಡದಿದ್ದರೆ ನಾಲ್ಕು ಗಂಟೆಯ ಬಸ್ಸು. ಅವರು ಚೀಲ ಕೆಳಗೆ ಹಾಕಿ ಐಸ್ ಪೆಟ್ಟಿಗೆಯತ್ತ ಕೈಚಾಚಿ ಕೂಗಿಯೇಬಿಟ್ಟರು.

“ಅದು ನೀರಲ್ಲ ಮೇಡಂ! ಅದರಲ್ಲಿರೋದು ನಮ್ಮತ್ತೆ!”

ಮೇಡಂ ಪೆಟ್ಟಿಗೆಯನ್ನು ಕೈಬಿಡುವುದೊಂದು ಬಾಕಿ. ಜನ ಒಂದು ಮೆಟ್ಟಿಲು ಹಿಂದೆ ಸರಿದರು. ಮೇಷ್ಟ್ರು ಎರಡನೇ ಸಲ ಕುಸಿದರು.

“ನಾನಿಲ್ಲೇ ಇದೀನಿ,” ಎಂದರು ಅತ್ತೆ.

“ಅಲ್ಲಲ್ಲ, ಅತ್ತೆಯದು! ಅತ್ತೆಗೆ ಅಂತ ಮಾಡಿದ ಸ್ಟಾಕು! ನಾನೇ ಮಾಡಿದ್ದು! ಶೀಷೆ ಬದಲಾಯ್ತು! ನನ್ನನ್ನ ಕೆಲಸದಿಂದ ತೆಗೀರಿ, ಅದನ್ನ ಮಾತ್ರ ವಾಪಸು ಕೊಡಿ!”

ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಾಗಾದ್ರೆ ನಮಗೆ ಬರಬೇಕಿದ್ದ ಮಾರುಕಟ್ಟೆಯ ನೀರೆಲ್ಲಿ?”

“ಅತ್ತೆ ಕುಡಿದ್ರು.”

“ಎರಡು ಚಮಚ,” ಎಂದರು ಅತ್ತೆ. “ಮೂರು ಗಂಟೆ ಮೇಲಾಯ್ತು, ನನಗೇನೂ ಆಗಿಲ್ಲ. ನೀರು ಚೆನ್ನಾಗಿದೆ ಅಂತ ಬರ್ಕೋ. ಈಗ ಆ ಪೆಟ್ಟಿಗೆ ತೆಗಿ.”

“ಅಮ್ಮಾ, ಅರ್ಧ ಪರೀಕ್ಷೆಗೆ ಹೋಯ್ತು. ಉಳಿದರ್ಧಕ್ಕೆ ಮೊಹರು ಹಾಕಿದೀವಿ. ಅದು ಸಾಕ್ಷಿ.”

“ಸಾಕ್ಷೀನ ಬಿಸಿ ಮಾಡಿ.”

ಮೂವತ್ತೊಂದು ವರ್ಷ ಅಡುಗೆಮನೆ ಆಳಿದ ದನಿ ಅದು. ಇಲಾಖೆಯೇ ಅದಕ್ಕೆ ತಲೆಬಾಗಿತು. ಮೊಹರು ಒಡೆದು, ನನ್ನ ಅಂಗಡಿಯ ಚಹಾ ಒಲೆಯ ಮೇಲೆ ಬಿಸಿ ಮಾಡಿ, ಬಟ್ಟಲಿಗೆ ಸುರಿದರು. ನಾನು ನನ್ನ ಕುರ್ಚಿ ಕೊಟ್ಟೆ. ಹೊನ್ನಿನ ಬಣ್ಣದ ಕೆಳಗೆ ನೀಲಿ ಹೂವು ನಿಚ್ಚಳವಾಗಿ ಕಂಡಿತು. ಬಾಗಿಲಲ್ಲಿ ಅಧ್ಯಕ್ಷರು, ಬೂಟಿನವರು, ಹುರಿಯಾಳು, ಮೇಷ್ಟ್ರು, ಎಲ್ಲರೂ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಿದ್ದರು. ಸಾಹೇಬರಂತೂ ಅತ್ತೆಯ ಗಂಟಲನ್ನೇ ನೋಡುತ್ತಿದ್ದರು, ಯಾವಾಗ ಇಳಿಯುತ್ತದೆ ಎಂದು.

ಅತ್ತೆ ಒಂದು ಚಮಚ ಕುಡಿದರು. ತುಟಿ ಒರೆಸಿಕೊಂಡರು.

“ಉಪ್ಪು ಸಾಲದು.”

ಮೇಡಂಗೆ ತಡೆಯಲಾಗಲಿಲ್ಲ. “ಹನ್ನೆರಡು ಪಟ್ಟು ಜಾಸ್ತಿ ಇದೆ ಅಮ್ಮಾ!”

“ನಿನ್ನ ಲೆಕ್ಕ ನೀರಿಗೆ,” ಎಂದವರೇ ಅತ್ತೆ ಚಮಚ ಬದಿಗಿಟ್ಟು ಬಟ್ಟಲನ್ನೇ ಬಾಯಿಗೆ ಎತ್ತಿದರು. ಕೆಳಗಿಟ್ಟಾಗ ಹೂವೊಂದೇ ಉಳಿದಿತ್ತು. ಬಟ್ಟಲನ್ನು ಅಳಿಯನತ್ತ ಚಾಚಿದರು. ಅವರು ಎರಡನೇ ಸಲ ತುಂಬಿದರು. ಮೂರನೇ ಸಲ ತುಂಬುವಾಗ ಹೊರಗೆ ನಾಲ್ಕು ಗಂಟೆಯ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಯಾರೂ ತಿರುಗಿ ನೋಡಲಿಲ್ಲ.

ಹೊರಡುವಾಗ ಮೇಡಂ ಸಾಹೇಬರಿಗೆ ವಿವರಣೆ ಕೇಳಿ ನೋಟೀಸು ಬರುತ್ತದೆ ಎಂದರು. ವರದಿಯನ್ನು ಹರಿಯಲು ಹೋದಾಗ ಅತ್ತೆ ಕೈಚಾಚಿ ಕಸಿದುಕೊಂಡರು. “ಇಷ್ಟು ವರ್ಷ ನಾನೂರು ಜನಕ್ಕೆ ಬೇಯಿಸಿದೆ. ಒಬ್ಬರೂ ನನಗೆ ಹೀಗೆ ಬರ್ಕೊಡ್ಲಿಲ್ಲ,” ಎಂದು ಅದನ್ನು ಮಡಚಿ ಬಟ್ಟಲಿನ ಜೊತೆಗೆ ಚೀಲದಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು.

ನೋಟೀಸು ಬಂತು. ಸಾಹೇಬರು ಹನ್ನೊಂದು ಪುಟದ ವಿವರಣೆ ಬರೆದರು, ಅದರಲ್ಲಿ ಒಂಬತ್ತು ಪುಟ ನೊರೆ ತೆಗೆಯುವ ಕ್ರಮದ ಬಗ್ಗೆ. ಎಚ್ಚರಿಕೆ ಕೊಟ್ಟು ಬಿಟ್ಟರು. ತೊಟ್ಟಿ ಕೊನೆಗೂ ತೊಳೆದದ್ದಾಯಿತು. ಮೇಷ್ಟ್ರು ಎಳನೀರು ಬಿಟ್ಟು ಬೇರೇನೂ ಮುಟ್ಟದೆ ಒಂದು ವಾರ ಹಾಡಿದರು, ಅಷ್ಟು ಚೆನ್ನಾಗಿ ಅವರು ಹಿಂದೆಂದೂ ಹಾಡಿರಲಿಲ್ಲ. ಸಾಹೇಬರು ದಿನ ಬಿಟ್ಟು ದಿನ ಸ್ಟಾಕು ಮಾಡಿದರು. ಅತ್ತೆ ಪ್ರತಿ ಸಲ ಉಪ್ಪು ಸಾಲದು ಎಂದು ಬಟ್ಟಲು ಬರಿದು ಮಾಡಿದರು. ಮೂರು ವಾರದ ನಂತರ, ಮೈಕೈ ತುಂಬಿಕೊಂಡು, ಒಳ್ಳೆಯ ಮಾತೊಂದನ್ನೂ ಆಡದೆ ಊರಿಗೆ ಹೋದರು.

ಅದಾಗಿ ನಾಲ್ಕನೇ ದಿನ ನಾನು ನನ್ನ ಮಲ್‌ಮಲ್ ವಾಪಸು ಕೇಳಲು ಮೇಲೆ ಹೋದೆ. ಸಾಹೇಬರು ಜೋತುಬಿದ್ದ ಮುಖದಲ್ಲಿ ಕೂತಿದ್ದರು. “ಮೂರು ವಾರ ಬೇಯಿಸಿದೆ. ಒಂದು ಮಾತು, ಒಂದೇ ಒಂದು ಮಾತು ಹೇಳ್ಲಿಲ್ಲ ನೋಡಿ,” ಎಂದರು. ನಾನು ಕುಡಿಯಲು ನೀರು ಕೇಳಿದೆ. ಫ್ರಿಜ್ಜಲ್ಲಿದೆ ತಗೊಳ್ಳಿ ಎಂದರು. ಅಲ್ಲಿ ಕೊನೆಯ ದಿನದ ಸ್ಟಾಕಿನ ಶೀಷೆ ಅರ್ಧ ಉಳಿದಿತ್ತು. ಹಳೆಯ ಚೀಟಿಯನ್ನು ಯಾರೋ ಕಿತ್ತು ಹೊಸದು ಅಂಟಿಸಿದ್ದರು. ಅಕ್ಷರ ಸಾಹೇಬರದಲ್ಲ, ದಪ್ಪ ದಪ್ಪ ಅಕ್ಷರ, ಹಾಸ್ಟೆಲಿನ ಉಗ್ರಾಣದ ಡಬ್ಬಿಗಳ ಮೇಲೆ ಬರೆದು ರೂಢಿಯಾದ ಕೈ. ನಾಲ್ಕು ದಿನದಿಂದ ಅದು ಅವರ ಕಣ್ಣೆದುರಿಗೇ ಇತ್ತು.

“ಸಾಹೇಬ್ರೇ, ಇದನ್ನ ಓದಿದ್ರಾ?”

“ಯಾಕೆ ಓದ್ಲಿ? ನಾನೇ ಬರೆದಿದ್ದಲ್ವಾ?”

ನಾನು ಗಟ್ಟಿಯಾಗಿ ಓದಿದೆ. ಸ್ಥಳ: ಮಗಳ ಮನೆ. ಮೂಲ: ಅಳಿಯ. ಸಮಯ: ಹನ್ನೆರಡು ವರ್ಷ ಹಿಡೀತು. ಷರಾ: ಕುಡಿಯಲು ಯೋಗ್ಯ.

ಸಾಹೇಬರು ಎದ್ದು ಬಂದು ಶೀಷೆಯನ್ನು ಕೈಗೆ ತೆಗೆದುಕೊಂಡು ತಾವೇ ಒಮ್ಮೆ ಓದಿದರು. ಆಮೇಲೆ ಹೆಂಡತಿಯನ್ನು ಕರೆದು ಅವಳಿಂದ ಇನ್ನೊಮ್ಮೆ ಓದಿಸಿದರು. ನನ್ನ ಮಲ್‌ಮಲ್ ಅಂದು ಸಿಗಲಿಲ್ಲ. ಅವರು ಅದರಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.